ಕೆಂಗೇರಿ ಉಪನಗರ: ಸದ್ದಿಲ್ಲದ ಕ್ರಾಸ್‌ನಲ್ಲಿ ಮನೆ ಹಿಡಿಯುವ ಮುಂಚೆ

ಮೈಸೂರು ರಸ್ತೆ ಬಿಟ್ಟು ಕೆಂಗೇರಿ ಉಪನಗರದ ಒಳಗೆ ಐದಾರು ಕ್ರಾಸ್ ನಡೆದರೆ ರಾತ್ರಿ ಒಂಬತ್ತೂವರೆಗೆ ಪಕ್ಕದ ಮನೆಯ ಕುಕ್ಕರ್ ಕೂಗಿದ್ದೂ ಸ್ಪಷ್ಟವಾಗಿ ಕೇಳಿಸುತ್ತದೆ. ಬೆಂಗಳೂರಿನಲ್ಲಿ ಇದು ಸಣ್ಣ ಸೌಭಾಗ್ಯವಲ್ಲ. ಹೊಂಗೆ ಮರದ ನೆರಳು, ಬೆಳಗ್ಗೆ ಹೂವಿನವರ ಕೂಗು, ಮನೆ ಮುಂದೆ ರಂಗೋಲಿ ಹಾಕುವಷ್ಟು ಹೊತ್ತು ಗಾಡಿ ಬಾರದ ರಸ್ತೆ, ಎಲ್ಲವೂ ಇಲ್ಲಿ ಇನ್ನೂ ಇವೆ. ಆದರೆ ಬಡಾವಣೆಯ ಹೆಸರು ನೋಡಿ ಅಡ್ವಾನ್ಸ್ ಕೊಡಬೇಡಿ. ಒಂದು ಕ್ರಾಸ್‌ನಲ್ಲಿ ಇರುವ ನೆಮ್ಮದಿ ಮುಂದಿನ ಕ್ರಾಸ್‌ನಲ್ಲಿ ಇರುವುದಿಲ್ಲ. ಇಲ್ಲಿ ಅಂಕ ಕೊಡಬೇಕಾದದ್ದು ಏರಿಯಾಕ್ಕಲ್ಲ, ಕ್ರಾಸ್‌ಗೆ.

ಮೊದಲು ಸದ್ದಿನ ವಿಷಯ. ಮೈಸೂರು ರಸ್ತೆಯ ಲಾರಿ, ರೈಲಿನ ಹಾರ್ನ್ ಎರಡೂ ಮನೆ ನೋಡಲು ಹೋದಾಗಲೇ ಗೊತ್ತಾಗುತ್ತವೆ. ಹೋದ ದಿನ ಗೊತ್ತಾಗದೆ ಆಮೇಲೆ ಕಾಡುವುದು ಪಕ್ಕದ ಖಾಲಿ ಸೈಟು. ಅದನ್ನು ಕಂಡು ಗಾಳಿ ಬೆಳಕು ಚೆನ್ನಾಗಿದೆ ಎಂದು ಖುಷಿಪಡುವವರೇ ಹೆಚ್ಚು. ಅಲ್ಲಿ ಕಟ್ಟಡ ಏಳಲು ಶುರುವಾದರೆ ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಪಾಯ, ಮೋಲ್ಡು ಹಾಕುವ ಸದ್ದು ಕೆಲವು ದಿನದ್ದು, ಹೇಗೋ ಸಹಿಸಬಹುದು. ಟೈಲ್ಸ್ ಕತ್ತರಿಸಿ ಗ್ರಾನೈಟ್ ಪಾಲಿಶ್ ಮಾಡುವ ಕೊನೆಯ ತಿಂಗಳುಗಳಲ್ಲಿ ಮಗು ಮಲಗಿಸುವುದು, ಮನೆಯಿಂದ ಆಫೀಸ್ ಕೆಲಸ ಮಾಡುವುದು ಎರಡೂ ಕಷ್ಟ. 30×40 ಸೈಟಿನಲ್ಲಿ ಎರಡು ಮನೆಗಳ ಗೋಡೆಗಳ ನಡುವೆ ಕೆಲವೇ ಅಡಿ ಜಾಗ, ಕಿಟಕಿ ಮುಚ್ಚಿದರೂ ಸದ್ದು ನಿಲ್ಲದು. ಖಾಲಿ ಸೈಟಿನಷ್ಟೇ ಎಚ್ಚರ ಬೇಕಾದದ್ದು ಬೀಗ ಹಾಕಿದ ಹಳೆಯ ಒಂದಂತಸ್ತಿನ ಮನೆ. ಕರೆಂಟ್ ಮೀಟರ್ ಕಿತ್ತಿದ್ದರೆ, ಎದುರಿಗೆ ಜಲ್ಲಿ ಸುರಿದಿದ್ದರೆ, ಅದನ್ನು ಒಡೆದು ನಾಲ್ಕು ಅಂತಸ್ತು ಕಟ್ಟಲಿದ್ದಾರೆ ಎಂದೇ ತಿಳಿಯಿರಿ. ಎರಡೂ ಪಕ್ಕ, ಹಿಂದೆ, ಎದುರು ನಾಲ್ಕೂ ಕಡೆ ಮನೆ ಕಟ್ಟಿ ಮುಗಿದಿರುವ ಕ್ರಾಸ್ ಸಿಕ್ಕರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಅದೇ ಲಾಭ.

ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮೀರಬಾರದು ಎಂಬುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಸದ್ದು ಅಳೆಯುವ ಮೊಬೈಲ್ ಆ್ಯಪ್‌ನ ಲೆಕ್ಕ ಪಕ್ಕಾ ಅಲ್ಲ, ಆದರೆ ಎರಡು ಮನೆಗಳನ್ನು ಹೋಲಿಸಲು ಸಾಕು. ಕಿಟಕಿ ತೆರೆದು, ಮಲಗುವ ಕೋಣೆಯಲ್ಲೇ ಅಳೆಯಿರಿ. ಮನೆಯನ್ನು ಕನಿಷ್ಠ ಮೂರು ಹೊತ್ತು ನೋಡಬೇಕು: ಶಾಲೆ ವ್ಯಾನು ಓಡಾಡುವ ಬೆಳಗ್ಗೆ ಎಂಟೂವರೆಗೆ, ರಾತ್ರಿ ಹತ್ತರ ನಂತರ, ಜೊತೆಗೆ ಒಂದು ಭಾನುವಾರ ಸಂಜೆ. ಪಿಜಿ ಇರುವ ಕ್ರಾಸ್ ಹಗಲಲ್ಲಿ ನಿದ್ದೆ ಮಾಡಿ ರಾತ್ರಿ ಎದ್ದಿರುತ್ತದೆ.

ಇನ್ನು ವೃಷಭಾವತಿ. ಮೈಸೂರು ರಸ್ತೆಯ ಬದಿಯಲ್ಲೇ ಹರಿಯುವ ಈ ನದಿ ಈಗ ಬಹುಪಾಲು ಕೊಳಚೆ ನೀರು. ಬೇಸಿಗೆ ಮಧ್ಯಾಹ್ನ ಮನೆ ನೋಡಿ ಹೋದವರಿಗೆ ವಾಸನೆ ತಟ್ಟುವುದೇ ಇಲ್ಲ, ಬಿಸಿ ಗಾಳಿ ಮೇಲೆದ್ದು ಅದನ್ನು ಚದುರಿಸಿಬಿಡುತ್ತದೆ. ಚಳಿಗಾಲದ ರಾತ್ರಿ, ಮುಂಜಾನೆ ತಣ್ಣನೆಯ ಗಾಳಿ ನೆಲಕ್ಕೇ ಅಂಟಿ ನಿಂತಾಗ ವಾಸನೆಯೂ ನಿಲ್ಲುತ್ತದೆ. ಆದ್ದರಿಂದ ಬೆಳಗ್ಗೆ ಆರಕ್ಕೇ ಹೋಗಿ ನೋಡಿ. ಇನ್ನೊಂದು ಗುರುತೂ ಇದೆ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಬೆಳ್ಳಿ, ತಾಮ್ರ, ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ. ನದಿಗೆ ಹತ್ತಿರದ ಮನೆಯಾದರೆ ಅಕ್ಕಪಕ್ಕದವರನ್ನು ಒಂದೇ ಮಾತು ಕೇಳಿ: ದೇವರ ಮನೆಯ ಬೆಳ್ಳಿ ದೀಪ ತೊಳೆದ ಮೇಲೆ ಎಷ್ಟು ದಿನಕ್ಕೆ ಕಪ್ಪಾಗುತ್ತದೆ? ವಾರಕ್ಕೇ ಎಂದರೆ ಎಸಿಯ ತಾಮ್ರದ ಕಾಯಿಲ್ ಕೂಡ ಬೇಗ ತೂತು ಬೀಳುವ ಸಂಭವವಿದೆ, ಟಿವಿ, ಯುಪಿಎಸ್ ಬೋರ್ಡುಗಳಿಗೂ ಅದೇ ಗತಿ. ಒಳಗಿನ ಕ್ರಾಸ್‌ಗಳಲ್ಲಿ, ಕೊಮ್ಮಘಟ್ಟ ರಸ್ತೆ ಕಡೆ ಹೋದಂತೆ, ಈ ಚಿಂತೆ ಕಡಿಮೆ.

ನೀರನ್ನು ಎಲ್ಲಕ್ಕಿಂತ ಹೆಚ್ಚು ತಾಳ್ಮೆಯಿಂದ ಪರೀಕ್ಷಿಸಬೇಕು. "ಕಾವೇರಿ ಇದೆ" ಎಂಬ ಮಾತಿಗೆ ಅರ್ಥ ಹಲವು. ಜಲಮಂಡಳಿಯ ಬಿಲ್ ತೋರಿಸಲು ಹೇಳಿ, ವಾರಕ್ಕೆ ಎಷ್ಟು ದಿನ, ಯಾವ ಹೊತ್ತಿಗೆ, ಎಷ್ಟು ಗಂಟೆ ನೀರು ಬಿಡುತ್ತಾರೆ ಎಂದು ಕೆಳಮನೆಯವರನ್ನೇ ಕೇಳಿ. ಲೆಕ್ಕ ಸುಲಭ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ವರಿಗೆ 540 ಲೀಟರ್. ಒಂದೇ ಸಂಪನ್ನು ಮೂರು ಸಂಸಾರ ಹಂಚಿಕೊಂಡರೆ ದಿನಕ್ಕೆ 1,620. ಸಂಪು 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳ ಇದ್ದರೆ ಹಿಡಿಯುವುದು ಸುಮಾರು 4,200 ಲೀಟರ್, ಅಂದರೆ ಎರಡೂವರೆ ದಿನ. ಒಂದು ಸರದಿ ತಪ್ಪಿದರೂ ಟ್ಯಾಂಕರ್ ಕರೆಸಬೇಕು. ಅಲ್ಲೇ ಇನ್ನೊಂದು ತೊಂದರೆ: ಸಣ್ಣ ಟ್ಯಾಂಕರ್ ಎಂದರೂ ಸಾಮಾನ್ಯವಾಗಿ 6,000 ಲೀಟರ್, 4,200ರ ಸಂಪಿಗೆ ಅದು ಪೂರ್ತಿ ಇಳಿಯುವುದಿಲ್ಲ, ದುಡ್ಡು ಮಾತ್ರ ಪೂರ್ತಿ ಕೊಡಬೇಕು. 2024ರ ಬರದಲ್ಲಿ ಜಿಲ್ಲಾಡಳಿತ 5 ಕಿ.ಮೀ. ಒಳಗಿನ 6,000 ಲೀಟರ್‌ಗೆ 600, 12,000 ಲೀಟರ್‌ಗೆ 1,000 ರೂಪಾಯಿ ದರ ಗೊತ್ತುಮಾಡಿತ್ತು. ಚೌಕಾಸಿಗೆ ಆ ಅಂಕಿ ನೆನಪಿರಲಿ. ಹೊಸ ಮನೆ ಕಟ್ಟುವವರು ಸಂಪನ್ನು 8,000 ಲೀಟರ್‌ಗಿಂತ ಕಡಿಮೆ ಮಾಡಲೇಬಾರದು.

ಬೋರ್‌ವೆಲ್ ನೀರು ಬೆರೆಸುವ ಮನೆಯಲ್ಲಿ ಗಡಸುತನ ನೋಡಿ. ಬಚ್ಚಲ ನಲ್ಲಿಯ ತುದಿಯ ಜಾಲರಿ ಬಿಚ್ಚಿದರೆ ಬಿಳಿ ಸುಣ್ಣದ ಪದರ ಕಂಡೀತು. ಅದೇ ಸುಣ್ಣ ಗೀಸರ್‌ನ ಕಾಯಿಲ್ ಮೇಲೂ ಕೂತು ಕರೆಂಟ್ ಹೆಚ್ಚು ಕುಡಿಸುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಾಂಶ, ಲೀಟರ್‌ಗೆ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ ಒಳಗಿರಬೇಕು. ಟಿಡಿಎಸ್ ಮೀಟರ್ ಅಗ್ಗದ ಸಾಧನ. ಮನೆ ನೋಡಲು ಹೋಗುವಾಗ ಜೇಬಿನಲ್ಲಿರಲಿ.

ಓಡಾಟದ ವಿಷಯದಲ್ಲಿ ಕೆಂಗೇರಿಯ ಕಥೆ 2021ರ ಆಗಸ್ಟ್‌ನಲ್ಲಿ ಮೆಟ್ರೋ ಬಂದ ಮೇಲೆ ಬದಲಾಯಿತು. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಅರ್ಧ ಗಂಟೆ ಆಸುಪಾಸು, ವಿಧಾನಸೌಧ, ಎಂ.ಜಿ. ರಸ್ತೆಗೂ ಅದೇ ರೈಲು. ವೈಟ್‌ಫೀಲ್ಡ್‌ಗೂ ರೈಲು ಬದಲಿಸಬೇಕಿಲ್ಲ, ಆದರೆ ಒಂದೂಕಾಲು ಗಂಟೆಗೂ ಹೆಚ್ಚು ಕೂರಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೋದಲ್ಲಾದರೆ ನೇರಳೆ, ಹಸಿರು, ಹಳದಿ ಎಂದು ಮೂರು ರೈಲು, ಸ್ವಂತ ಗಾಡಿಯಲ್ಲಾದರೆ ಟೋಲ್ ಕೊಟ್ಟು ನೈಸ್ ರಸ್ತೆ. ದಿನವೂ ಬೆಳ್ಳಂದೂರು ಕಡೆ ಹೋಗುವವರಿಗೆ ಈ ಜಾಗ ಬೇಡ. ಇಲ್ಲಿ ಉಳಿಸಿಕೊಂಡ ನೆಮ್ಮದಿಯೆಲ್ಲ ದಾರಿಯಲ್ಲೇ ಖರ್ಚಾಗುತ್ತದೆ. ಮೈಸೂರು, ರಾಮನಗರದ ಕಡೆ ಕೆಲಸವಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲಿ ಕಷ್ಟ, ಕೆಂಗೇರಿ ರೈಲು ನಿಲ್ದಾಣವೇ ಪಕ್ಕದಲ್ಲಿದೆ.

ತೊಡಕು ಇರುವುದು ಕೊನೆಯ ಎರಡು ಕಿಲೋಮೀಟರಿನಲ್ಲಿ. ಒಳಗಿನ ಕ್ರಾಸ್ ಶಾಂತವಾದಷ್ಟೂ ನಿಲ್ದಾಣ ದೂರ. 2025ರ ಆಗಸ್ಟ್‌ನಿಂದ ಆಟೋದ ಕನಿಷ್ಠ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ರಾತ್ರಿ ಹತ್ತರ ನಂತರ ಒಂದೂವರೆ ಪಟ್ಟು, ಅಂದರೆ 54. ದಿನಕ್ಕೆ ಎರಡು ಸಲ ಎಂದರೆ ತಿಂಗಳ 25 ಕೆಲಸದ ದಿನಕ್ಕೆ 1,800 ರೂಪಾಯಿ ಮೀಟರ್ ದರದಲ್ಲೇ ಆಗುತ್ತದೆ, ಅದನ್ನು ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ. ನಡೆಯುವುದಾದರೆ ಬೀದಿದೀಪ ಆರಿದ ಜಾಗ, ಬೀದಿನಾಯಿಗಳ ಗುಂಪು ಎರಡನ್ನೂ ಕತ್ತಲಾದ ಮೇಲೆ ಒಮ್ಮೆ ನಡೆದೇ ತಿಳಿದುಕೊಳ್ಳಬೇಕು.

ಮಿಕ್ಕದ್ದು ಚುಟುಕಾಗಿ. ಮರ ಹೆಚ್ಚಿರುವ ಬೀದಿಗಳಲ್ಲಿ ಏಪ್ರಿಲ್, ಮೇ ಮಳೆಗೆ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುತ್ತದೆ. 150 ಆಂಪಿಯರ್‌-ಅವರ್ ಬ್ಯಾಟರಿಯ ಯುಪಿಎಸ್‌ಗೆ ಎರಡು ಫ್ಯಾನು, ನಾಲ್ಕು ದೀಪ, ವೈಫೈ ಸೇರಿ 200 ವ್ಯಾಟ್ ಹೊರೆ ಹಾಕಿದರೆ ಐದು ಗಂಟೆ ಎಳೆಯುತ್ತದೆ. ಬೆಸ್ಕಾಂ ದೂರಿಗೆ 1912. ಪೊದೆ ಬೆಳೆದ ಖಾಲಿ ಸೈಟಿನ ಪಕ್ಕ ಹಾವು ಬರುವುದು ಸಹಜ. ಬಚ್ಚಲ ನೀರು ಹೋಗುವ ಕಿಂಡಿಗೆ ಜಾಲರಿ ಹಾಕಿಸಿ, ಗೇಟಿನ ಕೆಳಗಿನ ಸಂದಿಗೆ ತಗಡು ಬಡಿಸಿ. ಅದೇ ಸೈಟು ಕ್ರಮೇಣ ಕಸದ ಗುಡ್ಡೆಯೂ ಆಗುತ್ತದೆ. ಕಸದ ಆಟೋ ಬರುವ ಮುಂಚೆಯೇ ಮನೆ ಬಿಡುವವರು ಚೀಲವನ್ನು ಅಲ್ಲಿ ಎಸೆಯುತ್ತಾರೆ, ನಾಯಿಗಳು ಸೇರುತ್ತವೆ.

ಒಪ್ಪಿಗೆಯಾಯಿತು ಎಂದರೆ ಹನ್ನೊಂದು ತಿಂಗಳ ಕರಾರಿನಲ್ಲಿ ಮೂರು ಸಾಲು ಸೇರಿಸಲು ಹೇಳಿ: ಟ್ಯಾಂಕರ್ ಖರ್ಚು ಯಾರ ಪಾಲಿಗೆ ಎಷ್ಟು, ಸಂಪು ಮತ್ತು ಮೇಲಿನ ಟ್ಯಾಂಕ್ ತೊಳೆಸುವುದು ಆರು ತಿಂಗಳಿಗೊಮ್ಮೆ ಯಾರ ಹೊಣೆ, ಮೋಟಾರ್ ಕೆಟ್ಟರೆ ಎಷ್ಟು ದಿನದೊಳಗೆ ರಿಪೇರಿ. ಇಲ್ಲಿನ ಮಾಲೀಕರಲ್ಲಿ ಬಹಳಷ್ಟು ಮಂದಿ ಅದೇ ಕಟ್ಟಡದಲ್ಲಿ ವಾಸಿಸುವವರು, ಬಾಯಿಮಾತಿಗೇ ಒಪ್ಪುತ್ತಾರೆ. ಆದರೂ ಬರೆಸಿಕೊಳ್ಳಿ. ಮಾರ್ಚ್‌ನಲ್ಲಿ ಸಂಪು ತಳ ಕಂಡಾಗ ಕೆಲಸಕ್ಕೆ ಬರುವುದು ಆ ಹಾಳೆ.