ಮೂರು ವರ್ಷ ಬಳಸಿ ಬರೆಯುತ್ತಿದ್ದೇನೆ: ವಿಂಡೋಸ್ ಆನ್ಸರ್ ಫೈಲ್, ಡಿಸಂ ಮತ್ತು ಲ್ಯಾನ್ ಡ್ರೈವರ್

ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮದೊಂದು ಕಂಪ್ಯೂಟರ್ ಸರ್ವಿಸ್ ಅಂಗಡಿ. ಕಾಲೇಜು ಲ್ಯಾಬ್, ಸೊಸೈಟಿ ಕಚೇರಿ, ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ಆಫೀಸು, ಎಲ್ಲ ಕಡೆ ಹೋಗಿ ವಿಂಡೋಸ್ ಹಾಕಿಕೊಡುತ್ತೇವೆ. ಮೂರು ವರ್ಷದಿಂದ ಮೈಕ್ರೋಸಾಫ್ಟ್‌ನ ಆನ್ಸರ್ ಫೈಲ್ (ಸೆಟಪ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವ ಫೈಲ್) ಮತ್ತು ಡಿಸಂ (ವಿಂಡೋಸ್‌ನ ಇನ್‌ಸ್ಟಾಲ್ ಫೈಲುಗಳನ್ನು ತಿದ್ದುವ ಕಮಾಂಡ್) ಬಳಸುತ್ತಿದ್ದೇನೆ. ಇವಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಕೆಲಸ ಸುಲಭ. ಉತ್ತರ ಬರೆದ ಆಟೋಅನ್‌ಅಟೆಂಡ್ ಎಂಬ ಎಕ್ಸ್‌ಎಂಎಲ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಯಾವ ಫೋಲ್ಡರಿಗೂ ಹಾಕದೆ ಹೊರಗೇ ಇಟ್ಟರೆ ಸಾಕು. ಭಾಷೆ, ಪಾರ್ಟಿಷನ್, ಯೂಸರ್ ಹೆಸರು ಯಾವುದನ್ನೂ ಕೇಳದೆ ಸೆಟಪ್ ತಾನೇ ಮುಂದೆ ಹೋಗುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಸಮಯದಲ್ಲಿ ಇದು ನಮ್ಮ ಕೈ ಹಿಡಿಯಿತು.

ನಾನು ನಿಜವಾಗಿ ಕಲಿತದ್ದು ಒಂದು ಲ್ಯಾಬಿನಲ್ಲಿ. ಇಪ್ಪತ್ತು ಹೊಸ ಮೆಷಿನ್, ಎಲ್ಲದರಲ್ಲೂ 2.5 ಗಿಗಾಬಿಟ್ ಲ್ಯಾನ್, ಅಂದರೆ ಕೇಬಲ್ ನೆಟ್‌ವರ್ಕ್. ಪೆನ್‌ಡ್ರೈವ್ ಬೇಡ, ಸರ್ವರ್‌ನಿಂದಲೇ ಬೂಟ್ ಮಾಡಿಸೋಣ ಅಂದುಕೊಂಡೆವು. ಬೂಟ್ ಆಯಿತು. ಸೆಟಪ್ ಪರದೆಯೂ ಬಂತು. ಅಷ್ಟರಲ್ಲಿ ನೆಟ್‌ವರ್ಕ್ ಡ್ರೈವರ್ (ಲ್ಯಾನ್ ಕಾರ್ಡನ್ನು ವಿಂಡೋಸ್ ಬಳಸಲು ಬೇಕಾದ ಸಾಫ್ಟ್‌ವೇರ್) ಇಲ್ಲ ಅಂತ ನಿಂತಿತು. ನಮ್ಮ ಹುಡುಗ ಕೇಳಿದ, "ಅಣ್ಣಾ, ನೆಟ್‌ವರ್ಕಿಂದಾನೇ ತಾನೆ ಬೂಟ್ ಆಗಿದ್ದು? ಈಗ ನೆಟ್‌ವರ್ಕೇ ಇಲ್ಲ ಅಂದ್ರೆ ಹೇಗೆ?"

ಒಳ್ಳೆಯ ಪ್ರಶ್ನೆ, ಅಲ್ವಾ? ಬೂಟ್ ಆಗುವ ತನಕ ಕೆಲಸ ಮಾಡುವುದು ಲ್ಯಾನ್ ಕಾರ್ಡ್‌ನ ಫರ್ಮ್‌ವೇರ್, ಅಂದರೆ ಹಾರ್ಡ್‌ವೇರ್‌ನೊಳಗೇ ಇರುವ ಪುಟ್ಟ ಪ್ರೋಗ್ರಾಂ. ಸೆಟಪ್‌ನ ಪುಟ್ಟ ವಿಂಡೋಸ್, ಅಂದರೆ ವಿನ್‌ಪಿಇ, ಮೆಮೊರಿಗೆ ಬಂದ ಮೇಲೆ ಆ ಫರ್ಮ್‌ವೇರ್ ಕೈ ಬಿಡುತ್ತದೆ. ಆಮೇಲೆ ವಿನ್‌ಪಿಇ ಹತ್ತಿರ ತನ್ನದೇ ಡ್ರೈವರ್ ಇರಬೇಕು. ನಮ್ಮ ಬೂಟ್ ಇಮೇಜ್, ಅಂದರೆ ವಿನ್‌ಪಿಇ ಇರುವ ಬೂಟ್ ವಿಮ್ ಫೈಲ್, ಆ ಕಾರ್ಡ್‌ಗಿಂತ ಹಳೆಯದು. ಡ್ರೈವರ್ ಎಲ್ಲಿಂದ ಬರಬೇಕು?

ಬೂಟ್ ವಿಮ್ ಫೈಲಿನೊಳಗೆ ಎರಡು ಇಮೇಜ್ ಇರುತ್ತವೆ. ಸೆಟಪ್ ಓಡುವುದು ಎರಡನೆಯದರಲ್ಲಿ. ಡಿಸಂನಿಂದ ಅದನ್ನು ಮೌಂಟ್ ಮಾಡಿ, ಅಂದರೆ ಒಂದು ಫೋಲ್ಡರಿನಂತೆ ತೆರೆದು, ಡ್ರೈವರ್ ಸೇರಿಸಬೇಕು. ನಾನು ಮೊದಲ ಸಲ ಒಂದನೆಯದಕ್ಕೆ ಸೇರಿಸಿದ್ದೆ. ಎರಡನೆಯ ಸಲ ಸರಿಯಾದ ಇಮೇಜಿಗೇ ಸೇರಿಸಿದೆ, ಆದರೆ ಅನ್‌ಮೌಂಟ್ ಮಾಡುವಾಗ (ಮುಚ್ಚುವಾಗ) ಬದಲಾವಣೆ ಉಳಿಸುವ ಕಮಿಟ್ ಕೊಡಲಿಲ್ಲ. ಮಾಡಿದ್ದೆಲ್ಲ ಹೋಯಿತು. ಆ ದಿನ ರಾತ್ರಿ ಒಂಬತ್ತಾದರೂ ಲ್ಯಾಬ್ ಬಿಟ್ಟು ಹೊರಡಲು ಆಗಲಿಲ್ಲ.

ಕೊನೆಗೆ ಸೆಟಪ್ ಓಡಿತು, ಇನ್‌ಸ್ಟಾಲ್ ಮುಗಿಯಿತು. ಹೊಸ ವಿಂಡೋಸ್‌ನಲ್ಲಿ ಮತ್ತೆ ಲ್ಯಾನ್ ಇಲ್ಲ! ಬೂಟ್ ವಿಮ್‌ಗೆ ಹಾಕಿದ್ದು ಸೆಟಪ್ ಮುಗಿಯುವ ತನಕ ಮಾತ್ರ. ಹಾರ್ಡ್‌ಡಿಸ್ಕಿಗೆ ಇಳಿಯುವ ವಿಂಡೋಸ್‌ಗೆ ಬೇಕೆಂದರೆ ಅದು ಇರುವ ಇನ್‌ಸ್ಟಾಲ್ ವಿಮ್ ಫೈಲಿಗೂ ಸೇರಿಸಬೇಕು. ಇಲ್ಲವೇ ಆನ್ಸರ್ ಫೈಲಿನ ಆಫ್‌ಲೈನ್ ಸರ್ವಿಸಿಂಗ್ ಹಂತದಲ್ಲಿ ಡ್ರೈವರ್ ಇರುವ ಜಾಗ ಬರೆಯಬೇಕು. ಒಂದೇ ಡ್ರೈವರ್, ಎರಡು ಜಾಗ. ಹೊಸದಾಗಿ ಶುರು ಮಾಡುವವರು ಎಡವುವುದು ಜಾಸ್ತಿ ಇಲ್ಲೇ. ನಾನು ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದೂ ಇದಕ್ಕೇ.

ಡೌನ್‌ಲೋಡ್ ಮಾಡಿದ ಡ್ರೈವರ್‌ನ ಇಎಕ್ಸ್‌ಇ ಫೈಲನ್ನು ಡಿಸಂಗೆ ಹಾಗೇ ಕೊಟ್ಟರೆ ನಡೆಯಲ್ಲ. ಸೆವೆನ್‌ಜಿಪ್ ಸಾಫ್ಟ್‌ವೇರ್‌ನಿಂದ ಬಿಚ್ಚಿ, ಒಳಗಿನ ಐಎನ್‌ಎಫ್ (ಡ್ರೈವರ್‌ನ ವಿವರ ಇರುವ ಫೈಲ್) ಇರುವ ಫೋಲ್ಡರ್ ಕೊಡಬೇಕು. ವೈಫೈ ನಂಬಿಕೊಂಡು ಹೋಗಬೇಡಿ, ಮಾಮೂಲಿ ವಿನ್‌ಪಿಇಯಲ್ಲಿ ಅದು ಬರುವುದಿಲ್ಲ. ಕೇಬಲ್ ಒಯ್ಯಿರಿ.

ಮಳೆಗಾಲದಲ್ಲಿ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಜುಲೈನಲ್ಲಿ ಮೂಡಿಗೆರೆ ಕಡೆ ಮರ ಬಿದ್ದು ಫೈಬರ್ ಕಡಿದರೆ ಎರಡು ದಿನ ಇಂಟರ್ನೆಟ್ ಇರಲ್ಲ. ಅಲ್ಲಿ ಕೂತು ಡ್ರೈವರ್ ಹುಡುಕುವ ಮಾತೇ ಇಲ್ಲ. ಎಲ್ಲ ಮೊದಲೇ ಇಮೇಜಿನೊಳಗೆ ಸೇರಿದ್ದರೆ ಕರೆಂಟು ಒಂದಿದ್ದರೆ ಸಾಕು.

ಅಷ್ಟಾಗಿಯೂ ಮಧ್ಯದಲ್ಲಿ ನಿಂತರೆ ಶಿಫ್ಟ್ ಮತ್ತು ಎಫ್10 ಒತ್ತಿ. ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ಬರುತ್ತದೆ. ಐಪಿಕಾನ್ಫಿಗ್ ಕಮಾಂಡ್ ಕೊಟ್ಟು ನೋಡಿ. ಅಡಾಪ್ಟರೇ ಕಾಣದಿದ್ದರೆ ಡ್ರೈವರ್ ಸೇರಿಲ್ಲ ಅಂತ. ಡಿಆರ್‌ವಿಲೋಡ್ ಕಮಾಂಡಿಗೆ ಐಎನ್‌ಎಫ್ ಫೈಲಿನ ದಾರಿ ಕೊಟ್ಟರೆ ಅಲ್ಲೇ ಲೋಡ್ ಆಗುತ್ತದೆ. ಯಾವ ಡ್ರೈವರ್ ಸರಿ ಅಂತ ತಿಳಿಯಲು ಇಷ್ಟು ಸಾಕು. ಇಮೇಜಿಗೆ ಆಮೇಲೆ ಸೇರಿಸಬಹುದು.

ಸಿಕ್ಕಿದ ಡ್ರೈವರ್ ಪ್ಯಾಕನ್ನೆಲ್ಲ ಸುಮ್ನೆ ತುಂಬಬೇಡಿ, ಇಮೇಜ್ ಊದಿಕೊಳ್ಳುತ್ತದೆ. ನನ್ನ ಪೆನ್‌ಡ್ರೈವ್‌ನಲ್ಲಿ ಈಗ ಇರುವುದು ಇಂಟೆಲ್ ಮತ್ತು ರಿಯಲ್‌ಟೆಕ್ ಲ್ಯಾನ್ ಡ್ರೈವರ್‌ಗಳ ಎರಡೇ ಫೋಲ್ಡರ್.