ಸುಧಾ ಮೂರ್ತಿ ಅವರ ಮಕ್ಕಳ ಪುಸ್ತಕಗಳು: ಕೊಟ್ಟು ಕೂರಿಸ್ಬೇಡಿ, ಓದಿ ಹೇಳಿ

ಮಗಳ ಏಳನೇ ಬರ್ತ್‌ಡೇಗೆ ಗಿಫ್ಟ್ ಬಂದಿದ್ದು ಸುಧಾ ಮೂರ್ತಿ ಅವರ 'ಗ್ರ್ಯಾಂಡ್‌ಮಾಸ್ ಬ್ಯಾಗ್ ಆಫ್ ಸ್ಟೋರೀಸ್', ಇಂಗ್ಲಿಷ್ ಪ್ರತಿ. ಅದಾಗಿ ಎರಡು ವರ್ಷ ಆಯ್ತು, ಈಗ ಮನೇಲಿ ಅವರ ಮಕ್ಕಳ ಪುಸ್ತಕ ಎಂಟೊಂಬತ್ತು ಇದಾವೆ. ಯಾವ್ದು ತಗೊಳ್ಳೋದು ಅಂತ ಸ್ಕೂಲ್ ಗೇಟ್ ಹತ್ರ ಆಗಾಗ ಯಾರಾದ್ರೂ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ.

ಆ ಗಿಫ್ಟ್ ಬಂದ ಪುಸ್ತಕ ಪಫಿನ್ ಪ್ರಕಾಶನದಿಂದ 2012ರಲ್ಲಿ ಬಂದಿದ್ದು. ಬೇಸಿಗೆ ರಜಕ್ಕೆ ಮೊಮ್ಮಕ್ಕಳೆಲ್ಲ ಶಿಗ್ಗಾಂವಿಯಲ್ಲಿರೋ ಅಜ್ಜ ಅಜ್ಜಿ ಮನೆಗೆ ಬರ್ತಾರೆ, ಅಜ್ಜಿ ದಿನಾ ಕಥೆ ಹೇಳ್ತಾರೆ, ಅಷ್ಟೇ. ಶಿಗ್ಗಾಂವಿ ಸುಧಾ ಮೂರ್ತಿ ಅವರ ಹುಟ್ಟೂರು ಕೂಡ, ಹಾಗಾಗಿ ಆ ಮನೆ, ಆ ಬೇಸಿಗೆ ಎಲ್ಲ ಕಣ್ಣಾರೆ ಕಂಡವರು ಬರೆದಂಗೇ ಇದೆ. ಬಟ್ಟೆ ಹುಚ್ಚಿನ ರಾಜಕುಮಾರಿ ಈರುಳ್ಳಿ ಆಗಿಬಿಡೋ ಕಥೆ ಓದಿದ ಮಾರನೇ ದಿನ ನಾನು ಒಗ್ಗರಣೆಗೆ ಈರುಳ್ಳಿ ಹೆಚ್ತಿದ್ರೆ ಮಗಳು ಪಕ್ಕದಲ್ಲಿ ನಿಂತು "ಮಮ್ಮಿ, ಇನ್ನೊಂದು ಲಂಗ ತೆಗಿ, ಇನ್ನೊಂದು ತೆಗಿ" ಅಂತ ಸಿಪ್ಪೆ ಎಣಿಸ್ತಿದ್ಲು. ಗಡ್ಡಕ್ಕೆ ಬೆಂಕಿ ತಾಗೋವರೆಗೂ ಏಳದ ಸೋಮಾರಿ ಕಥೆನೂ ಅವಳ ಫೇವರಿಟ್.

ಆದ್ರೆ ಒಂದು ಮಾತು ಹೇಳ್ಲೇಬೇಕು. ಮಗು ಒಂದೇ ಕೂತು ಓದಿದ್ರೆ ಈ ಕಥೆಗಳು ಸ್ವಲ್ಪ ಸಪ್ಪೆ ಅನ್ಸುತ್ತೆ. ಭಾಷೆ ತುಂಬಾ ಸರಳ, ವಾಕ್ಯ ಎಲ್ಲ ಚಿಕ್ಕಚಿಕ್ಕವು, ವರ್ಣನೆ ಕಮ್ಮಿ, ಕೊನೆಗೆ ನೀತಿ ಏನು ಅಂತ ಬಿಡಿಸಿ ಹೇಳೋದು ಜಾಸ್ತಿ. ನನ್ನ ಮಗಳು ಆ ನೀತಿ ಬಂದ ತಕ್ಷಣ ಪೇಜ್ ತಿರುಗಿಸಿಬಿಡ್ತಾಳೆ. ಮೊದಲ ವಾರ ನಂಗೂ ಬೇಜಾರಾಗಿತ್ತು, ಇಷ್ಟು ಹೆಸರು ಮಾಡಿದ ಪುಸ್ತಕ ಇಷ್ಟೇನಾ ಅಂತ.

ಆಮೇಲೆ ಯುಗಾದಿಗೆ ಹಾವೇರಿಯಿಂದ ಅಮ್ಮ ಬಂದ್ರು. ಅಮ್ಮಂಗೆ ಇಂಗ್ಲಿಷ್ ಬರಲ್ಲ, ಅದಕ್ಕೆ ರಾತ್ರಿ ಕಾವೇರಿ ಮತ್ತೆ ಕಳ್ಳನ ಕಥೆನ ನಾನು ಕನ್ನಡದಲ್ಲಿ ಹೇಳ್ತಾ ಹೋದೆ. ಸೋಮಾರಿ ಗಂಡನ ಕಟ್ಕೊಂಡು ಒಬ್ಬಳೇ ಹೊಲದಲ್ಲಿ ದುಡಿಯೋ ಹೆಂಗಸು ಅವಳು, ಹೊಲದಲ್ಲಿ ಬಂಗಾರ ಹೂತಿಟ್ಟಿದಾರೆ ಅಂತ ಕಳ್ಳನ್ನ ನಂಬಿಸ್ತಾಳೆ, ಅವನು ರಾತ್ರಿಯೆಲ್ಲ ಹೊಲ ಅಗೀತಾನೆ. ಮಾರನೇ ರಾತ್ರಿ ಅದೇ ಕಥೆ ಅಮ್ಮನ ಬಾಯಲ್ಲಿ ಬಂತು. "ನಮ್ಮ ಮುತ್ಯಾ ಈ ಹೊಲದಾಗ ಬಂಗಾರದ ಗಡಗಿ ಹುಗದಾನಪಾ, ಎಲ್ಲಿ ಅಂತ ಗೊತ್ತಿಲ್ಲ" ಅಂತ ಶುರು ಮಾಡಿದ್ರು ನೋಡಿ, ಅದು ಬಿಳಿಜೋಳದ ಹೊಲ ಆಯ್ತು, ಕಳ್ಳನ ಕೈಗೆ ಸಲಿಕಿ ಬಂತು, ಅವನ ಸೊಂಟ ಹಿಡೀತು, ಮಧ್ಯದಲ್ಲಿ ನೀರಡಿಕೆನೂ ಆಯ್ತು. ಮಗಳು ಹಾಸಿಗೆ ಮೇಲೆ ಎದ್ದು ಕೂತು "ಆಮೇಲೆ ಅಜ್ಜಿ?" ಅಂದ್ರೆ ಅಮ್ಮ, "ಆಮ್ಯಾಲೇನು, ಕಳ್ಳ ಹೊಲಾ ಪೂರ್ತಿ ಅಗದ, ಅಕಿ ಬಿತ್ತಿಗಿ ಮಾಡಿದ್ಲು!" ಮೂರೂ ಜನ ಹೊಟ್ಟೆ ಹುಣ್ಣಾಗೋ ಹಂಗೆ ನಕ್ವಿ. ಅವತ್ತು ನಂಗೆ ಅರ್ಥ ಆಯ್ತು, ಈ ಪುಸ್ತಕದಲ್ಲಿರೋದು ಕಥೆಯ ಅಸ್ಥಿಪಂಜರ ಅಂತ, ಮಾಂಸ ಹೇಳೋರು ತುಂಬಬೇಕು, ಅದಕ್ಕೆ ಸುಧಾ ಮೂರ್ತಿ ಅವರು ಜಾಗ ಬಿಟ್ಟಿದಾರೆ.

ಇನ್ನೊಂದು ಪುಸ್ತಕ, 2004ರ 'ಹೌ ಐ ಟಾಟ್ ಮೈ ಗ್ರ್ಯಾಂಡ್‌ಮದರ್ ಟು ರೀಡ್'. ಇದರ ಹೆಸರಿನ ಕಥೆ ನಂಗೆ ಎಲ್ಲಕ್ಕಿಂತ ಇಷ್ಟ. ಪ್ರತಿ ವಾರ 'ಕರ್ಮವೀರ' ಬರುತ್ತೆ, ಅದರಲ್ಲಿ ತ್ರಿವೇಣಿಯವರ 'ಕಾಶೀಯಾತ್ರೆ' ಧಾರಾವಾಹಿ, ಹುಡುಗಿ ಓದೋದು, ಅಕ್ಷರ ಬರದ ಅಜ್ಜಿ ಕೇಳೋದು. ಹುಡುಗಿ ಮದುವೆಗೆ ಅಂತ ಬೇರೆ ಊರಿಗೆ ಹೋಗಿ ಒಂದು ವಾರ ಬಿಟ್ಟು ಬಂದ್ರೆ ಅಜ್ಜಿ ಕಣ್ಣಲ್ಲಿ ನೀರು, ಪತ್ರಿಕೆ ಕೈಯಲ್ಲೇ ಇದ್ರೂ ಓದಕ್ಕಾಗಲಿಲ್ಲ ಅಂತ. 62ನೇ ವಯಸ್ಸಲ್ಲಿ ದಸರಾ ಸರಸ್ವತಿ ಪೂಜೆಯಷ್ಟೊತ್ತಿಗೆ ಓದೋದು ಕಲೀತೀನಿ ಅಂತ ಹಟ ಹಿಡಿದು ಕಲೀತಾರೆ, ಆಮೇಲೆ ಮೊಮ್ಮಗಳನ್ನ ಗುರು ಅಂತ ಭಾವಿಸಿ ಕಾಲು ಮುಟ್ಟಿ ನಮಸ್ಕಾರ ಮಾಡ್ತಾರೆ. ಇದನ್ನ ಜೋರಾಗಿ ಓದುವಾಗ ನನ್ನ ಗಂಟಲು ಕಟ್ಟಿ ಅರ್ಧಕ್ಕೇ ನಿಲ್ಲಿಸಿದೀನಿ, ಉಳಿದಿದ್ದು ಮಗಳೇ ಓದಿದ್ಲು. ಇಲ್ಲಿ ಯಾರೂ ನೀತಿ ಹೇಳೋದೇ ಬೇಕಾಗಿಲ್ಲ.

ಲಾಕ್‌ಡೌನ್ ಹಿನ್ನೆಲೆಯ 'ಗ್ರ್ಯಾಂಡ್‌ಪೇರೆಂಟ್ಸ್ ಬ್ಯಾಗ್ ಆಫ್ ಸ್ಟೋರೀಸ್' 2020ರದ್ದು, ಇದಕ್ಕೇ 2023ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮಾಸ್ಕ್ ಹೊಲಿಯೋದು, ಮನೆಕೆಲಸ ಹಂಚ್ಕೊಳ್ಳೋದು ಎಲ್ಲ ಇದೆ, ಓದ್ಬಹುದು, ನಂಗೆ ಮೊದಲನೇದೇ ಹೆಚ್ಚು ಇಷ್ಟ ಆಯ್ತು.

ಪುರಾಣ ಇಷ್ಟ ಪಡೋ ಮಕ್ಕಳಿಗೆ 'ದಿ ಸರ್ಪೆಂಟ್ಸ್ ರಿವೆಂಜ್' ಕೊಡಿಸಿ. ಮಹಾಭಾರತದ ಅಷ್ಟು ಗೊತ್ತಿಲ್ಲದ ಕಥೆಗಳು, ಒಂಬತ್ತು ಹತ್ತು ವಯಸ್ಸಿಗೆ ಸರಿಹೋಗುತ್ತೆ. ಆ ವಯಸ್ಸಿಗೆ ಅಜ್ಜಿ ಕಥೆ ಚಿಕ್ಕ ಮಕ್ಕಳದ್ದು ಅನ್ಸೋಕೆ ಶುರುವಾಗಿರುತ್ತೆ.

ಕೊಳ್ಳುವಾಗ ಹುಷಾರು. ನಾನು ಆನ್‌ಲೈನ್‌ನಲ್ಲಿ ಯಾವ್ದೋ ಸೆಲ್ಲರ್ ಹತ್ರ ಕಮ್ಮಿಗೆ ಸಿಕ್ತು ಅಂತ ಒಂದು ತರಿಸಿದ್ದೆ, ಬಂದಿದ್ದು ಪೈರೇಟೆಡ್ ಕಾಪಿ. ಹಾಳೆ ಎಷ್ಟು ತೆಳು ಅಂದ್ರೆ ಹಿಂದಿನ ಪುಟದ ಅಕ್ಷರ ಈ ಕಡೆ ಕಾಣೋದು, ಚಿತ್ರ ಎಲ್ಲ ಮಸಿ ಮೆತ್ತಿದಂಗೆ, ಎರಡೇ ದಿನಕ್ಕೆ ನಡುವಿನ ಹಾಳೆಗಳು ಕಿತ್ತು ಕೈಗೆ ಬಂತು. ಈ ಪುಸ್ತಕಗಳಲ್ಲಿ ಚಿತ್ರಗಳೇ ಮಕ್ಕಳನ್ನ ಹಿಡಿದು ಕೂರಿಸೋದು, ಅದೇ ಹೋದ್ರೆ ಹೇಗೆ? ದಯವಿಟ್ಟು ಅಂಗಡಿಗೇ ಹೋಗಿ, ಕೈಲಿ ಹಿಡಿದು ನೋಡಿ ತಗೊಳ್ಳಿ.

ಆರರಿಂದ ಒಂಬತ್ತು ವಯಸ್ಸಿನ ಮಗು ಇದ್ರೆ 'ಗ್ರ್ಯಾಂಡ್‌ಮಾಸ್ ಬ್ಯಾಗ್'ನಿಂದ ಶುರು ಮಾಡಿ, ರಾತ್ರಿಗೆ ಒಂದೇ ಕಥೆ. ಮನೇಲಿ ಅಜ್ಜ ಅಜ್ಜಿ ಇದ್ರೆ ಅವರಿಗೆ ಮೊದಲು ಕನ್ನಡದಲ್ಲಿ ಹೇಳಿ, ಮಾರನೇ ದಿನ ಪುಸ್ತಕ ಮುಚ್ಚಿಟ್ಟು ಅವರ ಕೈಲೇ ಹೇಳಿಸಿ.