ರಟ್ಟು, ಎಕ್ಸೆಲ್, ಆ್ಯಪ್, ಟ್ಯಾಲಿ: ನಮ್ಮ ಅಂಗಡಿಯಲ್ಲಿ ಯಾವುದು ಉಳಿಯಿತು

ದಾವಣಗೆರೆಯಲ್ಲಿ ನಮ್ಮದು ಕಿರಾಣಿ ಅಂಗಡಿ. ಮೂರು ವರ್ಷದಲ್ಲಿ ಸ್ಟಾಕ್ ಲೆಕ್ಕವನ್ನು ನಾಲ್ಕು ರೀತಿ ಇಟ್ಟು ನೋಡಿದ್ದೇವೆ.

ಅಪ್ಪಾಜಿಯದು ರಟ್ಟು. ಸೋಪಿನ ಬಾಕ್ಸಿನಿಂದ ಹರಿದ ತುಂಡು, ಗಲ್ಲಾದ ಪಕ್ಕ ನೇತಾಡುತ್ತದೆ. ಜೊತೆಗೆ ದಾರ ಕಟ್ಟಿದ ಪೆನ್ನು. ಸಾಮಾನು ತೀರುತ್ತಾ ಬಂತು ಅಂದರೆ ಅಲ್ಲೇ ಬರೆಯುವುದು. ಸೇಲ್ಸ್‌ಮನ್ ಬಂದಾಗ ಅದನ್ನೇ ನೋಡಿ ಆರ್ಡರ್ ಹೇಳುವುದು. ನಾನು ನಗುತ್ತಿದ್ದೆ.

ನಗುತ್ತಲೇ ಎಕ್ಸೆಲ್ ಶೀಟ್ ಮಾಡಿದೆ. ಖರ್ಚಿಲ್ಲ, ನಿಜ. ಆದರೆ ರಾತ್ರಿ ಶಟರ್ ಎಳೆದ ಮೇಲೆ ಕೂತು ತುಂಬಬೇಕು. ಮೂರು ವಾರ ನಡೆಯಿತು.

ಆಮೇಲೆ ಮೊಬೈಲ್ ಆ್ಯಪ್. ಹೆಸರು ಬೇಡ ಬಿಡಿ. ಬಿಸ್ಕತ್ತು, ಪೇಸ್ಟಿಗೆ ಬಹಳ ಸಲೀಸು, ಕ್ಯಾಮೆರಾ ಹಿಡಿದರೆ ಬಿಲ್ ರೆಡಿ. ತೊಡಕು ಬಂದಿದ್ದು ಬಿಡಿ ಸಾಮಾನಿನಲ್ಲಿ. 50 ಕೆಜಿ ಸಕ್ಕರೆ ಚೀಲ ಬಿಚ್ಚಿ ಅರ್ಧರ್ಧ ಕೆಜಿ ಕಟ್ಟುತ್ತೇವೆ ಅಂದುಕೊಳ್ಳಿ. ಪೊಟ್ಟಣಕ್ಕೆ ಐದು ಗ್ರಾಂ ಜಾಸ್ತಿ ಬಿದ್ದರೂ ನೂರು ಪೊಟ್ಟಣಕ್ಕೆ ಅರ್ಧ ಕೆಜಿ ಹೋಯಿತು. ಆ್ಯಪ್ ಇನ್ನೂ ಇದೆ ಅನ್ನುತ್ತದೆ, ಚೀಲ ಕೊಡವಿದರೆ ಬರೀ ಪುಡಿ. ಮಂಡಕ್ಕಿ ಕಥೆ ಕೇಳಲೇಬೇಡಿ. ನಾವು ಅಳೆದು ಕೊಡುತ್ತೇವೆ, ಅದು ತೂಕ ಕೇಳುತ್ತದೆ!

ಉದ್ರಿಯಲ್ಲಂತೂ ಮಾನ ಹೋಯಿತು. ಬಾಕಿ ಇದ್ದವರಿಗೆಲ್ಲ ಆ್ಯಪ್ ತಾನೇ ಮೆಸೇಜ್ ಕಳಿಸಿತು. ಇಪ್ಪತ್ತು ವರ್ಷದ ಗಿರಾಕಿಯೊಬ್ಬರು ಬಂದು ದುಡ್ಡು ಗಲ್ಲಾದ ಮೇಲೆ ಇಟ್ಟು, "ನಾನೇನು ಓಡಿ ಹೋಗ್ತಿದ್ನಾ?" ಅಂದರು. ಉದ್ರಿ ಮತ್ತೆ ಪುಸ್ತಕಕ್ಕೆ ಬಂತು.

ಕೊನೆಗೆ ಟ್ಯಾಲಿ. ಬಿಲ್ಲು, ಲೆಕ್ಕಪತ್ರ ಇಡುವ ಬೆಂಗಳೂರಿನದೇ ಸಾಫ್ಟ್‌ವೇರ್. ಕೈ ಕೂರಲು ಎರಡು ತಿಂಗಳು ಬೇಕಾಯಿತು, ದುಡ್ಡೂ ಜಾಸ್ತಿ. ಅದರ ಉಪಯೋಗ ಗೊತ್ತಾಗಿದ್ದು 2025ರ ಸೆಪ್ಟೆಂಬರ್ 22ಕ್ಕೆ. ಅವತ್ತು ಸ್ನಾನದ ಸೋಪು, ಶಾಂಪೂ, ಬಿಸ್ಕತ್ತಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಟ್ಯಾಲಿಯಲ್ಲಿ ಸಾಮಾನಿನ ಇಡೀ ಗ್ರೂಪಿಗೆ ಹೊಸ ದರ, ಜಾರಿಯ ತಾರೀಕು ಹಾಕಿದೆ, ಮುಗಿಯಿತು. ಹಳೇ ಬಿಲ್ಲುಗಳು ಹಳೇ ದರದಲ್ಲೇ ಉಳಿದವು. ಆ್ಯಪ್ ಇನ್ನೂ ತೆಗೆದಿರಲಿಲ್ಲ. ಅದರಲ್ಲಿ ಒಂದೊಂದೇ ಐಟಂ ತೆರೆದು ಬದಲಿಸುವಷ್ಟರಲ್ಲಿ ನಡುರಾತ್ರಿ.

ಖರೀದಿಯಲ್ಲೂ ಲಾಭ ಇದೆ. ತಿಂಗಳ 14ರ ಹೊತ್ತಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ, ಅಂದರೆ ನಮಗೆ ಮಾರಿದವರು ಅಪ್‌ಲೋಡ್ ಮಾಡಿದ ಬಿಲ್ಲುಗಳ ಪಟ್ಟಿ. ಟ್ಯಾಲಿಯ ಖರೀದಿ ಬಿಲ್ ಪಕ್ಕದಲ್ಲಿಟ್ಟು ನೋಡಿದರೆ ಯಾವ ಹೋಲ್‌ಸೇಲ್‌ನವರು ನಮ್ಮ ಬಿಲ್ ಅಪ್‌ಲೋಡ್ ಮಾಡಿಲ್ಲ ಅಂತ ಗೊತ್ತಾಗುತ್ತದೆ. ಅವರು ಹಾಕದಿದ್ದರೆ ನಾವು ಕಟ್ಟಿದ ತೆರಿಗೆಯ ಕ್ರೆಡಿಟ್, ಅಂದರೆ ನಮ್ಮ ಜಿಎಸ್‌ಟಿಯಲ್ಲಿ ಅಷ್ಟು ಕಳೆಯುವ ಅವಕಾಶ, ನಮಗೆ ಸಿಗಲ್ಲ. ಮೊದಲು ಇದನ್ನು ಹುಡುಕುವುದೇ ಕಷ್ಟವಾಗಿತ್ತು.

ಆದರೆ ಆರ್ಡರ್ ವಿಷಯಕ್ಕೆ ಟ್ಯಾಲಿಯೂ ಸೋತಿತು. ದೀಪಾವಳಿ ರಶ್ಶಿನಲ್ಲಿ ಬಂದ ಮಾಲಿನ ಎಂಟ್ರಿ ಎರಡು ದಿನ ತಡವಾಯಿತು. ಸ್ಕ್ರೀನಿನಲ್ಲಿ ಎಣ್ಣೆ ಮೈನಸ್, ಗೋಡೌನಿನಲ್ಲಿ ಹದಿನಾಲ್ಕು ಟಿನ್. ರಟ್ಟಿನಲ್ಲಿ ಎಣ್ಣೆಯ ಸುದ್ದಿಯೇ ಇರಲಿಲ್ಲ. ಅಪ್ಪಾಜಿ ಕಣ್ಣಾರೆ ನೋಡಿದ್ದರಲ್ವಾ.

ಈಗ ಬಿಲ್ಲು, ಖರೀದಿ ಟ್ಯಾಲಿಯಲ್ಲಿ. ಬಿಡಿ ಸಾಮಾನು ಭಾನುವಾರ ತೂಗಿ ಲೆಕ್ಕ ಸರಿ ಮಾಡುತ್ತೇವೆ. ಆರ್ಡರ್ ರಟ್ಟಿನದೇ. ಇವತ್ತಿನ ಪಟ್ಟಿ: ತೊಗರಿಬೇಳೆ, ಊದಿನಕಡ್ಡಿ, ಪೆನ್ನಿನ ರೀಫಿಲ್.